ಆದಿ ಕ್ರೈಸ್ತ ಪತ್ರಗಳು ಮತ್ತು ತರುವಾಯದ ಬರಹಗಳು: ಇತಿಹಾಸದ ವಿದ್ಯಾರ್ಥಿಗೆ ಒಂದು ಪ್ರವೇಶ

೧

ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಮೊದಲುಗೊಂಡು ಮೂಡಿಗೆರೆ, ಕಳಸಗಳವರೆಗೆ ಹಬ್ಬಿರುವ ಕಾಫಿಸೀಮೆಯಲ್ಲಿ ಕ್ರೈಸ್ತ ಕುಟುಂಬಗಳು ಹಲವು ತಲೆಮಾರುಗಳಿಂದ ನೆಲೆಸಿವೆ. ಇವರಲ್ಲಿ ಘಟ್ಟದ ಕೆಳಗಿನಿಂದ ಬಂದ ಕೊಂಕಣಿ ಮಾತಿನ ಕಥೋಲಿಕರು ಅನೇಕರು. ಇವರ ಭಾನುವಾರದ ಪೂಜೆಯಲ್ಲಿ ಸುವಾರ್ತೆಯನ್ನು ಓದುವುದಕ್ಕೆ ಮುನ್ನ ಆದಿಕಾಲದ ಪತ್ರವೊಂದರ ಭಾಗವನ್ನು ಓದುವುದು ಸಾಮಾನ್ಯ ಪದ್ಧತಿ. ಪತ್ರ ಮೊದಲು, ಸುವಾರ್ತೆ ಅನಂತರ. ಆದರೆ ಹೊಸ ಒಡಂಬಡಿಕೆಯ ಗ್ರಂಥವನ್ನು ತೆರೆದು ನೋಡಿದರೆ ಕ್ರಮವು ಬೇರೆಯಾಗಿರುವುದು ಕಾಣುತ್ತದೆ. ಅಲ್ಲಿ ಮೊದಲು ನಾಲ್ಕು ಸುವಾರ್ತೆಗಳು, ಆಮೇಲೆ ಅಪೊಸ್ತಲರ ಕೃತ್ಯಗಳು, ಅದರ ಹಿಂದೆ ೨೧ ಪತ್ರಗಳು, ಕಟ್ಟಕಡೆಗೆ ಪ್ರಕಟನೆ. ಒಟ್ಟು ೨೭ ಗ್ರಂಥಗಳು.

ಈ ಎರಡು ಕ್ರಮಗಳಲ್ಲಿ ಕಾಲಕ್ರಮಕ್ಕೆ ಹೊಂದುವುದು ಪೂಜೆಯ ಕ್ರಮವೇ. ಪೌಲನ ಪತ್ರಗಳು ಕ್ರಿ. ಶ. ೫೦ರಿಂದ ಸುಮಾರು ೬೦ರವರೆಗಿನ ಅವಧಿಗೆ ಸೇರಿದವು. ಸುವಾರ್ತೆಗಳಲ್ಲಿ ಹಳೆಯದೆಂದು ಬಹುಮಂದಿ ವಿದ್ವಾಂಸರು ಒಪ್ಪುವ ಮಾರ್ಕನ ಸುವಾರ್ತೆಯ ಕಾಲ ಸುಮಾರು ೭೦. ಎಂದರೆ, ಕ್ರೈಸ್ತ ವಾಙ್ಮಯದಲ್ಲಿ ನಮಗೆ ಉಳಿದು ಬಂದಿರುವ ಅತ್ಯಂತ ಪ್ರಾಚೀನ ಬರಹಗಳು ಯೇಸುವಿನ ಚರಿತ್ರೆಗಳಲ್ಲ, ಕಾಗದಗಳು.

ನಮ್ಮ ಕಾಲೇಜುಗಳಲ್ಲಿ ರೋಮ್ ಸಾಮ್ರಾಜ್ಯದ ಇತಿಹಾಸವನ್ನು ಬೋಧಿಸುವಾಗ ಆದಿ ಕ್ರೈಸ್ತಮತದ ವಿಷಯವನ್ನು ಸುವಾರ್ತೆಗಳ ಮತ್ತು ಕೃತ್ಯಗಳ ಕಥಾಸಾರದಿಂದ ಮುಗಿಸಿಬಿಡುವ ವಾಡಿಕೆಯಿದೆ. ಇದರಿಂದ ಸಮಕಾಲೀನ ದಾಖಲೆಗಳಾದ ಪತ್ರಗಳು ಬದಿಗೆ ಸರಿಯುತ್ತವೆ. ಇದಕ್ಕೆ ಇನ್ನೊಂದು ಕಾರಣವೂ ಉಂಟು. ಒಂದೇ ತರಗತಿಯಲ್ಲಿ ಈ ಪತ್ರಗಳನ್ನು ದೇವರ ವಾಕ್ಯವೆಂದು ಕೇಳಿ ಬೆಳೆದವರೂ ಅವುಗಳ ಹೆಸರನ್ನೇ ಕೇಳದವರೂ ಕುಳಿತಿರುತ್ತಾರೆ. ಧರ್ಮಗ್ರಂಥವನ್ನು ಆಕರವಾಗಿ ಓದುವುದು ಅಗೌರವವಾದೀತೆಂಬ ಸಂಕೋಚ ಅಧ್ಯಾಪಕನಿಗೆ ಸಹಜ. ಈ ಸಂಕೋಚಕ್ಕೆ ಅವಕಾಶವಿಲ್ಲವೆಂಬುದನ್ನೂ, ಶಾಸನಗಳನ್ನು ಓದುವುದಕ್ಕೆ ನಮ್ಮ ನಾಡಿನ ವಿದ್ವಾಂಸರು ರೂಢಿಸಿಕೊಂಡಿರುವ ವಿಧಾನವೇ ಇಲ್ಲಿಯೂ ಸಾಕೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಈ ಬರಹಗಳು ನಿಜವಾಗಿಯೂ ಕಾಗದಗಳೇ ಎಂಬುದನ್ನು ಮೊದಲು ಮನಗಾಣಬೇಕು. ಈಜಿಪ್ಟಿನ ಮರಳಿನಲ್ಲಿ ದೊರೆತಿರುವ ಸಾವಿರಾರು ಪಪೈರಸ್ ಪತ್ರಗಳಿಂದ ಆ ಕಾಲದ ಜನ ಕಾಗದ ಬರೆಯುತ್ತಿದ್ದ ರೀತಿ ನಮಗೆ ತಿಳಿದಿದೆ. ಬರೆದವನ ಹೆಸರು, ಪಡೆಯುವವನ ಹೆಸರು, ವಂದನೆ, ಕ್ಷೇಮಪ್ರಾರ್ಥನೆ, ವಿಷಯ, ಕಡೆಗೆ ಇತರರಿಗೆ ವಂದನೆಗಳು: ಇದು ಅವರ ಕ್ರಮ. ನಮ್ಮ ಹಿರಿಯರು ನಮಸ್ಕಾರಗಳನ್ನು ತಿಳಿಸಿ, ‘ಉಭಯ ಕುಶಲೋಪರಿ’ ಎಂದು ಬರೆದ ಮೇಲೆಯೇ ವಿಷಯಕ್ಕೆ ಬರುತ್ತಿದ್ದುದನ್ನು ಬಲ್ಲ ಓದುಗರಿಗೆ ಇದು ಅಪರಿಚಿತವಲ್ಲ. ಪೌಲನೂ ಸಾಮಾನ್ಯವಾಗಿ ಈ ಮರ್ಯಾದೆಯನ್ನು ಪಾಲಿಸುತ್ತಾನೆ; ವಂದನೆಯಾದ ಮೇಲೆ ಪಡೆಯುವವರಿಗಾಗಿ ದೇವರಿಗೆ ಕೃತಜ್ಞತೆಯನ್ನು ಹೇಳುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಮಾತ್ರ ಕೃತಜ್ಞತೆಯ ಮಾತೇ ಇಲ್ಲ. ವಂದನೆಯಿಂದ ನೇರವಾಗಿ ಆಕ್ಷೇಪಣೆಗೆ ಹಾರುತ್ತಾನೆ. ಈ ಲೋಪವೇ ಬರೆದವನ ಕೋಪಕ್ಕೆ ಸಾಕ್ಷಿ.

ಪೌಲನು ಹೇಳಿ ಬರೆಯಿಸುತ್ತಿದ್ದನು. ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಲಿಪಿಕಾರನಾದ ತೆರ್ತ್ಯನು ತನ್ನ ಹೆಸರನ್ನು ಹೇಳಿಕೊಂಡು ತಾನೂ ಒಂದು ವಂದನೆಯನ್ನು ಸೇರಿಸಿದ್ದಾನೆ. ಕೆಂಖ್ರೆಯ ಸಭೆಯ ಸೇವಕಿಯಾದ ಫೊಯಿಬೆ ಎಂಬ ಮಹಿಳೆಯನ್ನು ಆದರಿಸಬೇಕೆಂದು ಅದೇ ಪತ್ರ ಕೇಳಿಕೊಳ್ಳುತ್ತದೆ. ಪತ್ರವನ್ನು ರೋಮಿಗೆ ಒಯ್ದವಳು ಈಕೆಯೇ ಎಂದು ಬಹುಮಂದಿ ವಿದ್ವಾಂಸರು ಊಹಿಸಿದ್ದಾರೆ. ಗಲಾತ್ಯದವರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲನು ತಾನೇ ಲೇಖನಿ ಹಿಡಿದು, ತನ್ನ ಅಕ್ಷರಗಳು ಎಷ್ಟು ದೊಡ್ಡವೆಂದು ತೋರಿಸುತ್ತಾನೆ. ನಮ್ಮ ಸನ್ನದುಗಳಲ್ಲಿ ಕಾಣುವ ಸ್ವಹಸ್ತದ ಒಪ್ಪಕ್ಕೆ ಇದನ್ನು ಹೋಲಿಸಬಹುದು.

ಕಾಗದವಾದುದರಿಂದಲೇ ಇವುಗಳಿಗೆ ಒಂದು ಮಿತಿಯೂ ಉಂಟು. ಸಂಭಾಷಣೆಯ ಒಂದು ಪಕ್ಷ ಮಾತ್ರ ನಮಗೆ ಕೇಳಿಸುತ್ತದೆ. ಕೊರಿಂಥದವರು ತನಗೆ ಬರೆದು ಕೇಳಿದ್ದ ವಿಷಯಗಳಿಗೆ ಪೌಲನು ಉತ್ತರ ಕೊಡುತ್ತಾನೆ. ಅವರು ಬರೆದ ಕಾಗದ ಉಳಿದಿಲ್ಲ. ತಾನು ಹಿಂದೆ ಬರೆದ ಇನ್ನೊಂದು ಪತ್ರವನ್ನು ಅವನು ಸ್ಮರಿಸುತ್ತಾನೆ. ಅದೂ ನಮಗೆ ದೊರೆತಿಲ್ಲ. ಹೀಗಿದ್ದರೂ ಉತ್ತರದಿಂದಲೇ ಪ್ರಶ್ನೆಯನ್ನು ಬಹುಮಟ್ಟಿಗೆ ಗ್ರಹಿಸಬಹುದು. ಕೊರಿಂಥದ ಸಭೆಯಲ್ಲಿ ಪಕ್ಷಗಳಿದ್ದವು. ಒಟ್ಟಾಗಿ ಉಣ್ಣಬೇಕಾದ ಪವಿತ್ರ ಭೋಜನದಲ್ಲಿ ಉಳ್ಳವರು ಮುಂಚಿತವಾಗಿ ಉಂಡು ತೃಪ್ತರಾಗುತ್ತಿದ್ದರು, ಇಲ್ಲದವರು ಹಸಿದಿರುತ್ತಿದ್ದರು. ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದವರೊಡನೆ ಕುಳಿತು ಉಣ್ಣುತ್ತಿದ್ದ ಪೇತ್ರನು ಕೆಲವರಿಗೆ ಹೆದರಿ ಹಿಂದೆ ಸರಿದಾಗ ಪೌಲನು ಎದುರಿಗೇ ಅವನನ್ನು ಖಂಡಿಸಿದುದಾಗಿ ಹೇಳಿಕೊಳ್ಳುತ್ತಾನೆ. ಪಂಕ್ತಿಭೇದದ ಇತಿಹಾಸವನ್ನು ಬಲ್ಲ ನಮ್ಮ ದೇಶದ ವಿದ್ಯಾರ್ಥಿಗೆ ಈ ಜಗಳದ ತೂಕವನ್ನು ವಿವರಿಸಿ ಹೇಳಬೇಕಾಗಿಲ್ಲ.

೩

ಈ ಪತ್ರಗಳಲ್ಲಿ ವರ್ಷವನ್ನು ನಮೂದಿಸಿಲ್ಲ. ಹಾಗಾದರೆ ಅವುಗಳ ಕಾಲವನ್ನು ನಿರ್ಣಯಿಸುವುದು ಹೇಗೆ? ಇದಕ್ಕೆ ಮುಖ್ಯ ಆಧಾರ ಒಂದು ಶಾಸನ. ಪೌಲನು ಕೊರಿಂಥದಲ್ಲಿ ಒಂದೂವರೆ ವರ್ಷ ಇದ್ದನೆಂದೂ, ಆಗ ಅಖಾಯದ ಅಧಿಪತಿಯಾಗಿದ್ದ ಗಲ್ಲಿಯೋನನ ನ್ಯಾಯಾಸನದ ಮುಂದೆ ಅವನನ್ನು ಎಳೆತಂದರೆಂದೂ ಅಪೊಸ್ತಲರ ಕೃತ್ಯಗಳಲ್ಲಿ ಹೇಳಿದೆ. ಗ್ರೀಸಿನ ಡೆಲ್ಫಿಯಲ್ಲಿ ದೊರೆತ, ೧೯೦೫ರಲ್ಲಿ ಬೆಳಕಿಗೆ ಬಂದ ಕಲ್ಲಿನ ತುಣುಕುಗಳಲ್ಲಿ ಚಕ್ರವರ್ತಿ ಕ್ಲಾಡಿಯಸ್‌ನ ಪತ್ರವೊಂದನ್ನು ಕೆತ್ತಲಾಗಿದೆ. ಅದರಲ್ಲಿ ಗಲ್ಲಿಯೋನನ ಹೆಸರೂ, ಚಕ್ರವರ್ತಿಗೆ ೨೬ನೆಯ ಸಲ ವಿಜಯಘೋಷ ಸಂದಿತ್ತೆಂಬ ಉಲ್ಲೇಖವೂ ಇವೆ. ಈ ಉಲ್ಲೇಖದಿಂದ ಶಾಸನದ ಕಾಲ ಕ್ರಿ. ಶ. ೫೨ರ ಪೂರ್ವಾರ್ಧವೆಂದು ನಿಷ್ಕರ್ಷಿಸಿದ್ದಾರೆ. ಅಧಿಪತಿಯ ಅವಧಿ ಸಾಮಾನ್ಯವಾಗಿ ಒಂದು ವರ್ಷ. ಆದುದರಿಂದ ಪೌಲನು ಕೊರಿಂಥದಲ್ಲಿದ್ದುದು ೫೦ರಿಂದ ೫೨ರ ಸುಮಾರಿನಲ್ಲಿ. ಅಲ್ಲಿಂದ ಬರೆದುದೆಂದು ತಿಳಿಯಲಾದ ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರವೂ ಆ ಕಾಲದ್ದೇ. ಪೌಲನ ಜೀವನದ ಉಳಿದ ಘಟನೆಗಳನ್ನು ಈ ಗೂಟದಿಂದ ಹಿಂದಕ್ಕೂ ಮುಂದಕ್ಕೂ ಎಣಿಸುತ್ತಾರೆ. ಒಂದು ಶಾಸನದ ತೇದಿಯಿಂದ ಒಬ್ಬ ಕವಿಯ ಕಾಲವನ್ನು ಗೊತ್ತುಮಾಡುವ ನಮ್ಮ ಸಾಹಿತ್ಯಚರಿತ್ರಕಾರರ ಕ್ರಮವೂ ಇದೇ ಅಲ್ಲವೇ?

ಗ್ರಂಥದಲ್ಲಿ ಪೌಲನ ಪತ್ರಗಳನ್ನು ಜೋಡಿಸಿರುವುದು ಕಾಲಾನುಸಾರವಾಗಿ ಅಲ್ಲ, ಬಹುಮಟ್ಟಿಗೆ ಉದ್ದದ ಅನುಸಾರವಾಗಿ: ಸಭೆಗಳಿಗೆ ಬರೆದವು ಮೊದಲು, ವ್ಯಕ್ತಿಗಳಿಗೆ ಬರೆದವು ಅನಂತರ. ಇದನ್ನು ತಿಳಿಯದೆ ಮೊದಲ ಪುಟದಿಂದ ಓದುತ್ತಾ ಹೋದವನು ಪೌಲನ ವಿಚಾರವಿಕಾಸವನ್ನು ತಲೆಕೆಳಗಾಗಿ ಕಾಣುವ ಅಪಾಯವಿದೆ.

೪

ಇನ್ನು ಕರ್ತೃತ್ವದ ಪ್ರಶ್ನೆ. ಪೌಲನ ಹೆಸರನ್ನು ಹೊತ್ತ ಪತ್ರಗಳು ೧೩. ಇವುಗಳಲ್ಲಿ ರೋಮಾಪುರ, ಕೊರಿಂಥ (ಎರಡು), ಗಲಾತ್ಯ, ಫಿಲಿಪ್ಪಿ, ಥೆಸಲೊನೀಕ (ಮೊದಲನೆಯದು) ಮತ್ತು ಫಿಲೆಮೋನ, ಈ ಏಳು ಅವನವೇ ಎಂಬುದರಲ್ಲಿ ಹೆಚ್ಚಿನ ವಿವಾದವಿಲ್ಲ. ಎಫೆಸ, ಕೊಲೊಸ್ಸೆ ಮತ್ತು ಥೆಸಲೊನೀಕದ ಎರಡನೆಯ ಪತ್ರ ಇವುಗಳ ವಿಷಯದಲ್ಲಿ ಅಭಿಪ್ರಾಯಭೇದವಿದೆ. ತಿಮೊಥೆಯನಿಗೆ ಬರೆದ ಎರಡು, ತೀತನಿಗೆ ಬರೆದ ಒಂದು, ಈ ಮೂರು ಪೌಲನ ತರುವಾಯದವೆಂದು ಬಹುಮಂದಿಯ ಮತ. ೧೯೨೧ರಲ್ಲಿ ಹ್ಯಾರಿಸನ್ ಎಂಬ ವಿದ್ವಾಂಸನು ಈ ಮೂರರ ಶಬ್ದಗಳನ್ನು ಎಣಿಸಿ, ಅಂಕಿತನಾಮಗಳನ್ನು ಬಿಟ್ಟು ೮೪೮ ಶಬ್ದಗಳಲ್ಲಿ ೩೦೬ ಪೌಲನ ಉಳಿದ ಪತ್ರಗಳಲ್ಲಿ ಎಲ್ಲಿಯೂ ಬರುವುದಿಲ್ಲವೆಂದು ತೋರಿಸಿದನು. ಸಭಾಧ್ಯಕ್ಷ, ಹಿರಿಯ, ಸೇವಕ ಮುಂತಾದ ಅಧಿಕಾರಿಗಳ ವ್ಯವಸ್ಥೆಯೂ ಇವುಗಳಲ್ಲಿ ಹೆಚ್ಚು ಬೆಳೆದಂತಿದೆ. ವಿಷಯ ಬೇರೆಯಾದಾಗ ಶಬ್ದಗಳೂ ಬೇರೆಯಾಗುತ್ತವೆ, ಲಿಪಿಕಾರನಿಗೂ ಸ್ವಾತಂತ್ರ್ಯವಿದ್ದಿರಬಹುದು ಎಂದು ಪ್ರತಿಪಕ್ಷದವರು ಸಮಾಧಾನ ಹೇಳುತ್ತಾರೆ.

ಇಂಥ ಸಂದೇಹ ಆಧುನಿಕರ ಅಶ್ರದ್ಧೆಯಿಂದ ಹುಟ್ಟಿದುದೆಂದು ಭಾವಿಸಬಾರದು. ತಮ್ಮ ಹೆಸರಿನಲ್ಲಿ ಬಂದಂತೆ ತೋರುವ ಪತ್ರದಿಂದ ಮೋಸಹೋಗಬೇಡಿರೆಂಬ ಎಚ್ಚರಿಕೆ ಥೆಸಲೊನೀಕದ ಎರಡನೆಯ ಪತ್ರದಲ್ಲಿಯೇ ಇದೆ. ಇಬ್ರಿಯರಿಗೆ ಬರೆದ ಪತ್ರದ ಕರ್ತೃವನ್ನು ದೇವರೇ ಬಲ್ಲನೆಂದು ಮೂರನೆಯ ಶತಮಾನದ ಓರಿಜೆನನು ಅಭಿಪ್ರಾಯಪಟ್ಟಿದ್ದನು. ಅದೇ ಶತಮಾನದ ಅಲೆಕ್ಸಾಂಡ್ರಿಯದ ಡಯೊನೀಸಿಯಸನು ಭಾಷಾಶೈಲಿಯನ್ನು ತುಲನೆಮಾಡಿ, ಯೋಹಾನನ ಸುವಾರ್ತೆಯನ್ನು ಬರೆದವನೇ ಪ್ರಕಟನೆಯನ್ನು ಬರೆದಿರಲಾರನೆಂದು ವಾದಿಸಿದನು. ಪೌಲನ ಮೇಲಿನ ಪ್ರೀತಿಯಿಂದ ‘ಪೌಲನ ಕೃತ್ಯಗಳು’ ಎಂಬ ಗ್ರಂಥವನ್ನು ರಚಿಸಿದೆನೆಂದು ಒಪ್ಪಿಕೊಂಡ ಒಬ್ಬ ಹಿರಿಯನು ತನ್ನ ಪದವಿಯನ್ನು ಬಿಡಬೇಕಾಯಿತೆಂದು ತೆರ್ತುಲ್ಲಿಯನನು ತಿಳಿಸುತ್ತಾನೆ.

ಈ ಸಮಸ್ಯೆಗೆ ಸಮಾನವಾದುದು ನಮ್ಮ ನಾಡಿನಲ್ಲಿಯೇ ಇದೆ. ಗಂಗ ಅರಸರ ಹೆಸರಿನ ತಾಮ್ರಪಟಗಳಲ್ಲಿ ಅನೇಕವನ್ನು ಫ್ಲೀಟ್ ಕೂಟಶಾಸನಗಳೆಂದು ಕರೆದನು. ರೈಸ್ ಅವುಗಳನ್ನು ಸಮರ್ಥಿಸಿದನು. ೩೮೮ನೆಯ ವರ್ಷವನ್ನು ಹೇಳುವ ಅವಿನೀತನ ಮಡಿಕೇರಿ ತಾಮ್ರಪಟ ಈ ವಾದದ ಪ್ರಸಿದ್ಧ ವಸ್ತು. ವರ್ಷವನ್ನು ಶಕವರ್ಷವೆಂದು ಹಿಡಿದರೆ ಕ್ರಿ. ಶ. ೪೬೬ ಆಗುತ್ತದೆ, ಲಿಪಿಯಾದರೋ ಹಲವು ಶತಮಾನಗಳ ಈಚಿನದು. ಹಾಗೆಂದು ಆ ತಾಮ್ರಪಟವನ್ನು ನಾವು ಎಸೆಯುವುದಿಲ್ಲ. ಐದನೆಯ ಶತಮಾನಕ್ಕೆ ಅದು ನೇರ ಸಾಕ್ಷಿಯಾಗದಿದ್ದರೂ, ಅದನ್ನು ಬರೆಯಿಸಿದವರ ಕಾಲದಲ್ಲಿ ಒಂದು ಬಸದಿಯ ಭೂಮಿಯ ಹಕ್ಕಿಗೆ ಪ್ರಾಚೀನತೆಯ ಬೆಂಬಲ ಎಷ್ಟು ಅಗತ್ಯವಾಗಿತ್ತೆಂಬುದಕ್ಕೆ ಅದೇ ಸಾಕ್ಷಿ. ತಿಮೊಥೆಯನ ಪತ್ರಗಳನ್ನೂ ಹೀಗೆಯೇ ಕಾಣಬೇಕು. ಅವು ಪೌಲನವಲ್ಲವೆಂದಾದರೆ, ಪೌಲನ ಕಾಲವಾದ ಮೇಲೆ ಸಭೆಯನ್ನು ಕಟ್ಟಿ ನಿಲ್ಲಿಸಲು ಹೆಣಗಿದವರಿಗೆ ಅವನ ಹೆಸರು ಏಕೆ ಬೇಕಾಯಿತೆಂಬುದನ್ನು ಹೇಳುವ ದಾಖಲೆಗಳು ಅವು. ‘ಇದು ಯಾರದು?’ ಎಂಬ ಪ್ರಶ್ನೆಯೂ ‘ಇದು ಯಾವುದಕ್ಕೆ ಸಾಕ್ಷಿ?’ ಎಂಬ ಪ್ರಶ್ನೆಯೂ ಬೇರೆ ಬೇರೆ. ಮೊದಲನೆಯದಕ್ಕೆ ಉತ್ತರ ‘ಅಲ್ಲ’ ಎಂದು ಬಂದ ಮಾತ್ರಕ್ಕೆ ಎರಡನೆಯದು ಮುಗಿದುಹೋಗುವುದಿಲ್ಲ. ಇಷ್ಟನ್ನು ವಿದ್ಯಾರ್ಥಿಗೆ ಮನಗಾಣಿಸಿದರೆ ಶ್ರದ್ಧಾವಂತನಿಗೆ ನೋವಾಗುವ ಕಾರಣವೂ ಇಲ್ಲ, ಶ್ರದ್ಧೆಯಿಲ್ಲದವನಿಗೆ ಗೇಲಿಮಾಡುವ ಅವಕಾಶವೂ ಇಲ್ಲ.

ಎಲ್ಲ ಕೃತಕ ಪತ್ರಗಳ ಬೆಲೆಯೂ ಒಂದೇ ಅಲ್ಲವೆಂಬುದನ್ನೂ ಇಲ್ಲಿ ಸೇರಿಸಬೇಕು. ಮೇಲೆ ಹೇಳಿದ ಗಲ್ಲಿಯೋನನು ತತ್ತ್ವಜ್ಞಾನಿ ಸೆನೆಕನ ಅಣ್ಣ. ಆ ಸೆನೆಕನಿಗೂ ಪೌಲನಿಗೂ ನಡೆದ ಪತ್ರವ್ಯವಹಾರವೆಂದು ೧೪ ಲ್ಯಾಟಿನ್ ಪತ್ರಗಳು ಪ್ರಚಾರದಲ್ಲಿದ್ದವು. ೩೯೨ರಲ್ಲಿ ಜೆರೋಮನು ಅವನ್ನು ಉಲ್ಲೇಖಿಸಿದ್ದಾನೆ. ಅವು ನಾಲ್ಕನೆಯ ಶತಮಾನದ ಕಲ್ಪನೆ ಎಂಬುದು ಈಗ ನಿರ್ವಿವಾದ. ಅಣ್ಣನನ್ನು ಕುರಿತು ಕಲ್ಲು ಹೇಳುವುದು ನಿಜ. ತಮ್ಮನ ಹೆಸರಿನ ಕಾಗದ ಸುಳ್ಳು.

೫

ಹೊಸ ಒಡಂಬಡಿಕೆಯ ಹೊರಗೆ ಉಳಿದ ಬರಹಗಳಲ್ಲಿಯೂ ಪತ್ರಗಳೇ ಪ್ರಧಾನ. ಸುಮಾರು ೯೬ರಲ್ಲಿ ರೋಮಿನ ಸಭೆ ಕೊರಿಂಥದ ಸಭೆಗೆ ಒಂದು ದೀರ್ಘ ಪತ್ರವನ್ನು ಬರೆಯಿತು. ಸಂಪ್ರದಾಯವು ಇದನ್ನು ಕ್ಲೆಮೆಂತನದೆಂದು ಹೇಳುತ್ತದೆ. ಪತ್ರದಲ್ಲಿ ಅವನ ಹೆಸರಿಲ್ಲ. ಕೊರಿಂಥದವರು ತಮ್ಮ ಹಿರಿಯರಲ್ಲಿ ಕೆಲವರನ್ನು ಸ್ಥಾನದಿಂದ ಇಳಿಸಿದ್ದರು; ಅವರನ್ನು ಮತ್ತೆ ಗೌರವಿಸಬೇಕೆಂಬುದು ಪತ್ರದ ಸಾರ. ಪೌಲನು ಪಕ್ಷಪಂಗಡಗಳಿಗಾಗಿ ಗದರಿಸಿದ ಊರೇ ಸುಮಾರು ನಾಲ್ಕು ದಶಕಗಳ ಮೇಲೆಯೂ ಹಾಗೆಯೇ ಇದ್ದಿತು. ಆದಿಕಾಲದ ಸಭೆ ಕಲಹವಿಲ್ಲದ ಸತ್ಯಯುಗವಾಗಿತ್ತೆಂಬ ಕಲ್ಪನೆಗೆ ಇದು ತಕ್ಕ ಉತ್ತರ.

ಅಂತಿಯೋಕ್ಯದ ಸಭಾಧ್ಯಕ್ಷನಾದ ಇಗ್ನೇಷಿಯಸನನ್ನು ಹತ್ತು ಮಂದಿ ಸೈನಿಕರ ಕಾವಲಿನಲ್ಲಿ ಮರಣದಂಡನೆಗಾಗಿ ರೋಮಿಗೆ ಒಯ್ಯುತ್ತಿದ್ದಾಗ ಅವನು ದಾರಿಯಲ್ಲಿ ಏಳು ಪತ್ರಗಳನ್ನು ಬರೆದನು. ಸ್ಮುರ್ನದಿಂದ ನಾಲ್ಕು, ತ್ರೋವದಿಂದ ಮೂರು. ಇದು ನಡೆದುದು ಟ್ರಾಜನ್ ಚಕ್ರವರ್ತಿಯ ಆಳ್ವಿಕೆಯಲ್ಲಿ (೯೮–೧೧೭) ಎಂದು ಸಂಪ್ರದಾಯದ ಹೇಳಿಕೆ. ಈ ಪತ್ರಗಳ ಪಾಠದ ಕಥೆ ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಒಂದು ಪಾಠವೇ ಆಗಿದೆ. ಮಧ್ಯಯುಗದ ಪ್ರತಿಗಳಲ್ಲಿ ಏಳು ಪತ್ರಗಳು ಹಿಗ್ಗಿದ್ದವು. ಜೊತೆಗೆ ಬೇರೆ ಆರು ಸೇರಿಕೊಂಡಿದ್ದವು. ಹಳೆಯ ಇಂಗ್ಲಿಷ್ ವಿದ್ವಾಂಸರು ಉದ್ಧರಿಸಿದ ಪಾಠ ಈ ಪ್ರತಿಗಳಿಗಿಂತ ಬೇರೆಯಾಗಿರುವುದನ್ನು ಕಂಡ ಅಷರ್ ಎಂಬ ಪಂಡಿತನು ಆ ಜಾಡನ್ನು ಹಿಡಿದು ಹುಡುಕಿ, ೧೬೪೪ರಲ್ಲಿ ಶುದ್ಧವಾದ ಲ್ಯಾಟಿನ್ ಪಾಠವನ್ನು ಪ್ರಕಟಿಸಿದನು. ಎರಡು ವರ್ಷಗಳ ಮೇಲೆ ಅದಕ್ಕೆ ಹೊಂದುವ ಗ್ರೀಕ್ ಪಾಠವೂ ಅಚ್ಚಾಯಿತು. ಓಲೆಗರಿಯ ಪ್ರತಿಗಳನ್ನು ಹೋಲಿಸಿ ಪ್ರಕ್ಷಿಪ್ತವನ್ನು ಬೇರ್ಪಡಿಸುವ ನಮ್ಮ ಸಂಪಾದಕರ ಶ್ರಮವನ್ನು ಬಲ್ಲವರು ಇದನ್ನು ಮೆಚ್ಚದಿರಲಾರರು.

‘ದಿದಖೆ’, ಎಂದರೆ ‘ಉಪದೇಶ’, ಎಂಬ ಕಿರುಗ್ರಂಥವನ್ನು ೧೮೭೩ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಬ್ರಿಯೆನ್ನಿಯೊಸನು ಕಂಡುಹಿಡಿದು ೧೮೮೩ರಲ್ಲಿ ಪ್ರಕಟಿಸಿದನು. ಊರಿಂದೂರಿಗೆ ಸಂಚರಿಸುವ ಧರ್ಮಬೋಧಕರನ್ನು ಆದರಿಸುವ ನಿಯಮಗಳು ಅದರಲ್ಲಿವೆ. ಬಂದವನು ಒಂದು ದಿನ, ಅಗತ್ಯವಿದ್ದರೆ ಎರಡು ದಿನ ಇರಬಹುದು. ಮೂರನೆಯ ದಿನವೂ ನಿಂತರೆ ಅವನು ಕಪಟಿ. ಹಣ ಕೇಳಿದರೂ ಕಪಟಿ. ಜಂಗಮರನ್ನೂ ದಾಸಯ್ಯಗಳನ್ನೂ ಮನೆಬಾಗಿಲಲ್ಲಿ ಕಂಡಿರುವ ನಾಡಿನವರಿಗೆ ಈ ನಿಯಮದ ಹಿಂದಿನ ಭಕ್ತಿಯೂ ಅನುಭವವೂ ಎರಡೂ ಅರ್ಥವಾಗುತ್ತವೆ.

ಹೊರಗಿನವರ ಸಾಕ್ಷ್ಯವಾಗಿ ಬಹು ಮುಖ್ಯವಾದುದು ಸುಮಾರು ೧೧೨ರಲ್ಲಿ ಬಿಥೂನ್ಯದಿಂದ ಪ್ಲಿನಿಯು ಟ್ರಾಜನ್‌ನಿಗೆ ಬರೆದ ಪತ್ರ. ಕ್ರೈಸ್ತರ ಆಚಾರವನ್ನು ತಿಳಿಯಲು ತಾನು ಇಬ್ಬರು ದಾಸಿಯರನ್ನು ಹಿಂಸಿಸಿ ವಿಚಾರಿಸಿದೆನೆಂದೂ, ಸಭೆಯಲ್ಲಿ ಅವರನ್ನು ಸೇವಕಿಯರೆಂದು ಕರೆಯುತ್ತಿದ್ದರೆಂದೂ ಅವನು ವರದಿ ಮಾಡುತ್ತಾನೆ. ಪೌಲನ ಪತ್ರದ ಫೊಯಿಬೆಯ ಪಕ್ಕದಲ್ಲಿ ಹೆಸರಿಲ್ಲದ ಈ ಇಬ್ಬರನ್ನೂ ನಿಲ್ಲಿಸಿ ನೋಡಬೇಕು.

೬

ಇಷ್ಟು ಬರಹಗಳಲ್ಲಿ ೨೭ ಮಾತ್ರ ಪ್ರಮಾಣಗ್ರಂಥಗಳಾದುದು ಒಂದು ದಿನದ ತೀರ್ಮಾನವಲ್ಲ. ೧೪೪ರ ಸುಮಾರಿನಲ್ಲಿ ಮಾರ್ಸಿಯೋನನ ಸಂಗ್ರಹದಲ್ಲಿ ಪೌಲನ ಹತ್ತು ಪತ್ರಗಳಿದ್ದವು. ಸುಮಾರು ೨೦೦ರ ಪಪೈರಸ್ ಹೊತ್ತಗೆಯೊಂದರಲ್ಲಿ ಇಬ್ರಿಯರ ಪತ್ರವು ರೋಮಾಪುರದ ಪತ್ರದ ಬೆನ್ನಿಗೇ ಇದೆ. ಈ ಹೊತ್ತಗೆಯ ಹಾಳೆಗಳು ಈಗ ಡಬ್ಲಿನ್ನಿನಲ್ಲಿಯೂ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿಯೂ ಹಂಚಿಹೋಗಿವೆ. ಇಂದಿನ ೨೭ ಗ್ರಂಥಗಳನ್ನೇ ಹೆಚ್ಚುಕಡಿಮೆಯಿಲ್ಲದೆ ಹೇಳುವ ಅತ್ಯಂತ ಹಳೆಯ ಪಟ್ಟಿ ೩೬೭ರಲ್ಲಿ ಅಲೆಕ್ಸಾಂಡ್ರಿಯದ ಅಥನೇಷಿಯಸನು ಬರೆದ ಹಬ್ಬದ ಪತ್ರದಲ್ಲಿದೆ. ಪತ್ರಗಳಿಂದ ಮೊದಲಾದ ವಾಙ್ಮಯಕ್ಕೆ ಎಲ್ಲೆಯನ್ನು ಹಾಕಿದುದೂ ಒಂದು ಪತ್ರವೇ. ಸುರಿಯಾನಿ ಭಾಷೆಯ ಪ್ರಾಚೀನ ಅನುವಾದದಲ್ಲಿ ಮಾತ್ರ ಗ್ರಂಥಗಳು ೨೨. ಪೇತ್ರನ ಎರಡನೆಯ ಪತ್ರ, ಯೋಹಾನನ ಎರಡು ಮತ್ತು ಮೂರನೆಯ ಪತ್ರಗಳು, ಯೂದನ ಪತ್ರ, ಪ್ರಕಟನೆ ಇವು ಅದರಲ್ಲಿರಲಿಲ್ಲ. ನಮ್ಮ ನೆರೆಯ ಕೇರಳದ ತೋಮಾ ಕ್ರೈಸ್ತರ ಪೂಜಾಭಾಷೆ ಶತಮಾನಗಳ ಕಾಲ ಸುರಿಯಾನಿಯೇ ಆಗಿತ್ತೆಂಬುದರಿಂದ ಇದು ದೂರದ ವಿಷಯವಲ್ಲ.

೭

ಈ ಪತ್ರಗಳು ಕನ್ನಡಕ್ಕೆ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಸಿರಾಂಪುರದ ಮುದ್ರಣಾಲಯಕ್ಕೆ ೧೮೧೨ರಲ್ಲಿ ಬಿದ್ದ ಬೆಂಕಿಯಲ್ಲಿ ಕನ್ನಡ ಅನುವಾದದ ಹಸ್ತಪ್ರತಿಯೂ ಸುಟ್ಟುಹೋಯಿತು. ೧೮೧೦ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಸಹಾಯಕರೊಡನೆ ದುಡಿದು, ೧೮೩೧ರ ವೇಳೆಗೆ ಇಡೀ ಬೈಬಲನ್ನು ಕನ್ನಡದಲ್ಲಿ ಪೂರೈಸಿದನು. ಕಥೋಲಿಕರ ಪೂಜೆಯಲ್ಲಿ ಪತ್ರ ಮತ್ತು ಸುವಾರ್ತೆಗಳ ಭಾಷೆ ಆಗಲೂ ಲ್ಯಾಟಿನ್ನೇ. ಚಿಕ್ಕಮಗಳೂರು ಧರ್ಮಪ್ರಾಂತ್ಯ ರಚಿತವಾದುದು ೧೯೬೩ರ ನವೆಂಬರಿನಲ್ಲಿ. ಪೂಜೆಯಲ್ಲಿ ದೇಶಭಾಷೆಗೆ ಎಡೆಗೊಟ್ಟ ವ್ಯಾಟಿಕನ್ ಮಹಾಸಭೆಯ ವಿಧಿ ಹೊರಟುದು ಮರುತಿಂಗಳಿನಲ್ಲಿ. ಕಾಫಿಸೀಮೆಯ ಕಥೋಲಿಕ ಸಭೆಯಲ್ಲಿ ಪೌಲನು ಜನರ ಮಾತಿನಲ್ಲಿ ಕೇಳಿಬಂದುದು ಇದರ ತರುವಾಯ.

ಭಾಷಾಂತರದಲ್ಲಿ ಒಂದು ಶಬ್ದ ವಿಚಾರಾರ್ಹವಾಗಿದೆ. ಗ್ರೀಕಿನಲ್ಲಿ ಒಡೆಯನ ಸ್ವತ್ತಾದ ಗುಲಾಮನನ್ನು ಹೇಳುವ ಶಬ್ದವನ್ನು ಕನ್ನಡದಲ್ಲಿ ‘ದಾಸ’ ಎಂದು ಅನುವಾದಿಸಿದರು. ಪೌಲನು ತನ್ನನ್ನು ಕ್ರಿಸ್ತನ ದಾಸನೆಂದು ಕರೆದುಕೊಂಡಾಗ, ಪುರಂದರದಾಸರ ನಾಡಿನ ಓದುಗನಿಗೆ ಅದು ಭಕ್ತಿಯ ಮಾತಾಗಿ ಸಹಜವಾಗಿ ಕೇಳುತ್ತದೆ. ಆದರೆ ಅದೇ ಶಬ್ದವನ್ನು ಫಿಲೆಮೋನನ ಪತ್ರದಲ್ಲಿ ಓದಿದಾಗ ಅದರ ಮೊದಲಿನ ಕಠೋರತೆಯನ್ನು ನೆನೆಯಬೇಕು. ೨೫ ವಚನಗಳ ಈ ಚಿಕ್ಕ ಕಾಗದ ಒನೇಸಿಮನೆಂಬ ಗುಲಾಮನನ್ನು ಕುರಿತದ್ದು. ಅವನು ಒಡೆಯನಿಂದ ತಪ್ಪಿಸಿಕೊಂಡು ಬಂದವನೆಂದು ಸಾಮಾನ್ಯ ತಿಳಿವಳಿಕೆ. ಪೌಲನು ಅವನನ್ನು ಒಡೆಯನ ಬಳಿಗೇ ಹಿಂದಕ್ಕೆ ಕಳುಹಿಸುತ್ತಾನೆ. ಆದರೆ ದಾಸನೆಂದಲ್ಲ, ಸಹೋದರನೆಂದು ಸೇರಿಸಿಕೊಳ್ಳಬೇಕೆಂದು ಬೇಡುತ್ತಾನೆ. ಅವನಿಂದ ಏನಾದರೂ ನಷ್ಟವಾಗಿದ್ದರೆ ತನ್ನ ಲೆಕ್ಕಕ್ಕೆ ಹಾಕೆಂದು ಸ್ವಹಸ್ತದಿಂದ ಬರೆದುಕೊಡುತ್ತಾನೆ. ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಗುಲಾಮರ ಒಡೆಯರು ‘ಹಿಂದಕ್ಕೆ ಕಳುಹಿಸಿದನು’ ಎಂಬುದನ್ನು ಹಿಡಿದರು. ಗುಲಾಮಗಿರಿಯ ವಿರೋಧಿಗಳು ‘ಸಹೋದರನೆಂದು’ ಎಂಬುದನ್ನು ಹಿಡಿದರು.

ತೋಟಗಳ ಸೀಮೆಯ ವಿದ್ಯಾರ್ಥಿಗೆ ಈ ಪತ್ರ ದೂರದ್ದಲ್ಲ. ಮುಂಗಡ ಪಡೆದು ಕೆಲಸ ಬಿಟ್ಟುಹೋದ ಆಳನ್ನು ಮ್ಯಾಜಿಸ್ಟ್ರೇಟರ ಮುಂದೆ ತಂದು ಸೆರೆಮನೆಗೂ ಕಳುಹಿಸಲು ಅವಕಾಶವಿದ್ದ ೧೮೫೯ರ ೧೩ನೆಯ ಕಾಯಿದೆಯನ್ನು ದಕ್ಷಿಣ ಭಾರತದ ತೋಟಗಾರರೂ ಬಳಸಿಕೊಂಡರು. ಅದು ರದ್ದಾದುದು ೧೯೨೫ರ ಕಾಯಿದೆಯಿಂದ. ಜೀತಪದ್ಧತಿಯನ್ನು ದೇಶಾದ್ಯಂತ ನಿಷೇಧಿಸಿದ ಕಾಯಿದೆ ೧೯೭೬ರದು. ಓಡಿಹೋದ ಆಳು, ತೀರದ ಲೆಕ್ಕ, ನಡುವೆ ನಿಂತು ಜಾಮೀನಾಗುವ ಮೂರನೆಯವನು: ಇವೆಲ್ಲ ಈ ನೆಲಕ್ಕೆ ಗೊತ್ತಿದ್ದ ಸಂಗತಿಗಳೇ.

ಒನೇಸಿಮನಿಗೆ ಮುಂದೆ ಏನಾಯಿತು? ಇಗ್ನೇಷಿಯಸನು ಎಫೆಸದವರಿಗೆ ಬರೆದ ಪತ್ರದಲ್ಲಿ ಅವರ ಸಭಾಧ್ಯಕ್ಷನ ಹೆಸರು ಒನೇಸಿಮ. ಆ ಗುಲಾಮನೇ ಈ ಸಭಾಧ್ಯಕ್ಷನೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಊಹೆ ರಮ್ಯವಾಗಿದೆ. ಆದರೆ ‘ಉಪಯುಕ್ತ’ ಎಂಬ ಅರ್ಥದ 그 ಹೆಸರು ಗುಲಾಮರಲ್ಲಿ ಬಹು ಸಾಮಾನ್ಯವಾಗಿತ್ತು. ಹೆಸರು ಒಂದೇ ಆದ ಮಾತ್ರಕ್ಕೆ ವ್ಯಕ್ತಿ ಒಬ್ಬನೇ ಎಂದು ಹೇಳಲಾಗದೆಂಬುದನ್ನು ನಮ್ಮ ಶಾಸನಗಳ ಮಾರಸಿಂಹರೂ ಬಲ್ಲಾಳರೂ ನಮಗೆ ಕಲಿಸಿದ್ದಾರೆ. ಖಚಿತವಾಗಿ ಹೇಳಬಹುದಾದುದು ಇಷ್ಟು: ಒಬ್ಬ ಗುಲಾಮನಿಗಾಗಿ ಬರೆದ ಒಂದು ಖಾಸಗಿ ಕಾಗದವನ್ನು ಯಾರೋ ಹರಿದುಹಾಕದೆ ಇಟ್ಟುಕೊಂಡರು, ಪ್ರತಿಮಾಡಿಸಿದರು, ಪೌಲನ ದೊಡ್ಡ ಪತ್ರಗಳ ಜೊತೆಗೆ ಸೇರಿಸಿದರು. ಆ ಕಾರ್ಯವೇ ಆದಿ ಕ್ರೈಸ್ತ ಸಭೆಯನ್ನು ಕುರಿತು ನಮಗೆ ದೊರೆಯುವ ವಿಶ್ವಾಸಾರ್ಹ ಸಾಕ್ಷ್ಯಗಳಲ್ಲಿ ಒಂದು. ನಮ್ಮ ತರಗತಿಗಳಲ್ಲಿ ಪತ್ರಗಳ ಅಧ್ಯಯನವನ್ನು ಈ ಚಿಕ್ಕ ಕಾಗದದಿಂದಲೇ ಆರಂಭಿಸುವುದು ಉಚಿತವೆಂದು ತೋರುತ್ತದೆ.